ನೆತ್ತಿತೊಲೆ ಇಲ್ಲದ ಕಟ್ಟಡ

ಪ್ಲಾಸ್ಟಿಕ್ ಕವರಿನಿಂದ ಬಿಚ್ಚಿದ ಹೊಸ ನೀಲಿ ಅಂಗಿಯನ್ನು ಸುಮಿಯೆ ಗೋಡೆಯ ಮೊಳೆಗೆ ತೂಗುಹಾಕಿದ್ದಳು. ಮಡಿಕೆಯ ಗೆರೆಗಳು ಇನ್ನೂ ಅಡ್ಡಕ್ಕೂ ಉದ್ದಕ್ಕೂ ಎದ್ದು ಕಾಣುತ್ತಿದ್ದವು. ಬಡಗಿ ಮೇಸ್ತ್ರಿಯ ಅಂಗಿಯ ಬೆನ್ನಿನ ಮೇಲೆ ಅವನ ಮನೆತನದ ಗುರುತು ಇರಬೇಕು. ಇದರ ಬೆನ್ನಿನ ಮೇಲಿದ್ದದ್ದು ಊರಿನ ಮರದ ಕಾರ್ಖಾನೆಯ ಚಿಹ್ನೆ: ಒಂದು ಹಸಿರು ಎಲೆ, ಎಲೆಯೊಳಗೆ ಮನೆ, ಮನೆಯೊಳಗೆ ನಗುವ ಮುಖ. ತೊಕುಜಿ ಹಲ್ಲುಜ್ಜುತ್ತ ಆ ಮುಖವನ್ನೇ ನೋಡಿದ. ಅದು ತನ್ನನ್ನೇ ಕಂಡು ನಗುತ್ತಿದೆ ಅನ್ನಿಸಿತು. ಅಂಗಿಯನ್ನು ತಿರುಗಿಸಿ ಹಾಕಿದ. ಮುಂಭಾಗದ ಜೇಬಿನ ಮೇಲೆ ಅದೇ ಮುಖ ಚಿಕ್ಕದಾಗಿ ಇನ್ನೊಮ್ಮೆ ನಗುತ್ತಿತ್ತು.

"ಇಸ್ತ್ರಿ ಹಾಕ್ಕೊಡ್ಲಾ?" ಅಡುಗೆಮನೆಯಿಂದ ಸುಮಿಯೆ ಕೇಳಿದಳು.

"ಬೇಡ."

"ಗೆರೆ ಕಾಣುತ್ತೆ ರೀ, ಫೋಟೋದಲ್ಲಿ."

"ಕಾಣ್ಲಿ. ಅಂಗಡಿಯಿಂದ ಕೊಂಡು ತಂದ ಮೇಸ್ತ್ರಿ ಅಂತ ಗೊತ್ತಾಗ್ಲಿ."

"ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡಿದ್ರಾ? ಬನ್ನಿ, ಸಾರು ಆರ್ತಿದೆ. ನಿಮ್ಮ ಸಿಟ್ಟಾದ್ರೆ ಸಂಜೇವರೆಗೂ ಬಿಸಿಯಾಗಿರುತ್ತೆ, ಮಿಸೊ ಸಾರು ಹಂಗಲ್ಲ."

ಸಿಟ್ಟು ಇವತ್ತಿನದಲ್ಲ. ಹೋದ ವಾರ ಸೊಸೆ ಚಿಜುರು ಊರ ಕಚೇರಿಯ ಗುರುತುಚೀಟಿಯನ್ನು ಕೊರಳಿನಿಂದ ತೆಗೆಯದೆ ಹಾಗೇ ಮನೆಗೆ ಬಂದಾಗಲೇ ಅವನಿಗೆ ತಿಳಿದಿತ್ತು, ಇವಳು ಸೊಸೆಯಾಗಿ ಬಂದಿಲ್ಲ, ಕಚೇರಿಯಾಗಿ ಬಂದಿದ್ದಾಳೆ ಎಂದು. ಅವಳು ಚಾಪೆಯ ಮೇಲೆ ಮಂಡಿಯೂರಿ ಕೂತು, ತಂದಿದ್ದ ಸಿಹಿಯ ಡಬ್ಬಿಯನ್ನು ಎರಡೂ ಕೈಯಿಂದ ಮುಂದಕ್ಕೆ ಸರಿಸಿ, "ಮಾವ, ಒಂದು ಮಾತು," ಅಂದಿದ್ದಳು. ಸಿಹಿಯ ಡಬ್ಬಿ ಬಂತೆಂದರೆ ಹಿಂದೆಯೇ ಕಹಿಯೂ ಇರುತ್ತದೆ ಎಂದು ತೊಕುಜಿ ಚಹಾದ ಬಟ್ಟಲನ್ನು ಕೆಳಗಿಟ್ಟಿದ್ದ.

"ಸಭಾಭವನ ಎದ್ದು ನಿಂತಾಯ್ತಲ್ಲ. ನೆತ್ತಿತೊಲೆ ಏರಿಸೋ ಶಾಸ್ತ್ರ ಮಾಡ್ಲೇಬೇಕು ಅಂತ ಊರಿನ ಅಧ್ಯಕ್ಷರ ಆಸೆ. ರಾಜಧಾನಿಯಿಂದ ಅರಣ್ಯ ಇಲಾಖೆಯವರು ಬರ್ತಾರೆ. ಮೇಸ್ತ್ರಿಯಾಗಿ ನೀವು ಮೇಲೆ ಹತ್ತಬೇಕು."

"ಆ ಕಟ್ಟಡಕ್ಕೆ ನೆತ್ತಿತೊಲೆ ಎಲ್ಲಿದೆಯಮ್ಮ? ಇಳಿಜಾರು ಸೂರಿದ್ರೆ ತಾನೇ ನೆತ್ತಿ, ಇದು ಮೇಲೆ ಚಪ್ಪಟೆ."

"ಒಂದು ದಿಮ್ಮಿ ಇಡ್ತಾರೆ ಮಾವ. ಶಾಸ್ತ್ರಕ್ಕೆ."

"ಏನು ಹೊರುತ್ತೆ ಅದು?"

ಚಿಜುರು ಸ್ವಲ್ಪ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. "ರಿಬ್ಬನ್ನು," ಅಂದಳು.

"ಆಮೇಲೆ?"

"ಆಮೇಲೆ ಇಳಿಸಿ, ಉದ್ದಕ್ಕೆ ಸೀಳಿ, ಬಾಗಿಲ ಹತ್ರ ಕೂರೋದಕ್ಕೆ ಬೆಂಚು ಮಾಡ್ತಾರೆ."

ನಗಬಹುದಿತ್ತು. ಅಡುಗೆಮನೆಯಲ್ಲಿ ಸುಮಿಯೆ ನಕ್ಕೇಬಿಟ್ಟಳು. ಆದರೆ ಚಿಜುರು ಅಷ್ಟಕ್ಕೇ ನಿಲ್ಲಿಸಲಿಲ್ಲ. ತೊಲೆ ಇಳಿಸಿದ ಮೇಲೂ ಸೂರಿನಲ್ಲೇ ಉಳಿಯುವ ಹಲಗೆಯ ಮೇಲೆ ಮೇಸ್ತ್ರಿ ಎಂದು ಅವನ ಹೆಸರನ್ನು ಅವನೇ ಕುಂಚದಿಂದ ಬರೆಯಬೇಕು, ಇಲಾಖೆಯವರ ಮುಂದೆ. ನಾನು ಅಲ್ಲಿ ಒಂದು ಮೊಳೆಯನ್ನೂ ಹೊಡೆದಿಲ್ಲವಲ್ಲ ಎಂದು ಅವನಂದ. "ಗೊತ್ತು ಮಾವ," ಅವಳೆಂದಳು, ಗುರುತುಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, "ಸರ್ಕಾರದ ನೆರವಿಗೆ ಮೂರು ಷರತ್ತು. ಊರಿನ ಮರ, ಊರಿನ ಕಾರ್ಖಾನೆ, ಊರಿನ ಬಡಗಿ. ಮೊದಲಿನ ಎರಡೂ ಇವೆ. ಮೂರನೇದಕ್ಕೆ ನೀವೊಬ್ಬರೇ ಉಳಿದಿರೋದು. ಮರ ಒಣಗಿಸೋ ಗೂಡಿಗೆ ಎರಡನೇ ಕಂತು ಬರಬೇಕು. ಅದು ಬರದಿದ್ರೆ ಹಸಿ ಹಲಗೇನ ಬೆಟ್ಟ ದಾಟಿಸಿ ಒಣಗಿಸಿ ತರ್ತಾನೇ ಇರಬೇಕು, ಇನ್ನೊಂದು ವರ್ಷಕ್ಕೆ ಕಾರ್ಖಾನೆ ಮುಚ್ಚುತ್ತೆ. ವತಾರು ಎಲ್ಲಿ ಕೆಲಸ ಮಾಡ್ತಾರೆ ಅಂತ ನಾನು ನಿಮಗೆ ಹೇಳಬೇಕಾ?"

ಹೇಳಬೇಕಿರಲಿಲ್ಲ. ವತಾರು ಅವನ ಮಗ.

ಸಾರು ಕುಡಿದು, ಅನ್ನವನ್ನು ಅರ್ಧ ಬಿಟ್ಟು, ತೊಕುಜಿ ಹಳೆಯ ಪೆಟ್ಟಿಗೆಯಿಂದ ಗೋಡೆಯ ನೇರ ನೋಡುವ ತೂಕದ ಗುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡ. ಶಾಸ್ತ್ರಕ್ಕೆ ಇನ್ನೂ ಹೊತ್ತಿತ್ತು. "ಎಲ್ಲಿಗೆ?" ಅಂದಳು ಸುಮಿಯೆ. "ನಾನು ಕಟ್ಟಿದ ಕಟ್ಟಡ ಹೆಂಗಿದೆ ನೋಡ್ಕೊಂಡು ಬರ್ತೀನಿ," ಅಂದು ಚಪ್ಪಲಿ ಮೆಟ್ಟಿದ. ಅವಳು ಬಾಗಿಲವರೆಗೆ ಬಂದು, ಅಂಗಿಯನ್ನು ಮಡಚಿ ಅವನ ಕಂಕುಳಿಗೆ ತುರುಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನೆನಪಿಸಿದಳು. ದೇವದಾರಿನಂಥ ಸುಗಿ ಮರಗಳು ಹೂಬಿಟ್ಟ ಕಾಲ. ಗಾಳಿ ಬೀಸಿದಾಗಲೆಲ್ಲ ಬೆಟ್ಟದ ಮೈಯಿಂದ ಹಳದಿ ಪುಡಿ ಹೊಗೆಯಂತೆ ಏಳುತ್ತಿತ್ತು. ಇಡೀ ದೇಶ ಸೀನುತ್ತದೆ ಈ ತಿಂಗಳು, ತೊಕುಜಿಯ ಅಪ್ಪನಂಥವರು ನೆಟ್ಟ ಮರಗಳಿಂದ. ಯುದ್ಧ ಮುಗಿದು ಊರುಗಳೆಲ್ಲ ಬೂದಿಯಾಗಿದ್ದಾಗ ಸರ್ಕಾರ ಸಸಿ ಕೊಟ್ಟು ನೆಡಿ ಅಂದಿತು. ಅಪ್ಪ ಬೆನ್ನಿನ ಮೇಲೆ ಸಸಿ ಹೊತ್ತು ಏರಿದ, ಕಾಡಿನ ಬೇರೆ ಮರಗಳನ್ನೆಲ್ಲ ಕಡಿದು ಬರೀ ಸುಗಿ, ಎಲ್ಲಿ ನೋಡಿದರೂ ಸುಗಿ. ಅವು ಆಳೆತ್ತರ ಬೆಳೆಯುವ ಮೊದಲೇ ಅದೇ ಸರ್ಕಾರ ಹೊರದೇಶದ ಮರಕ್ಕೆ ಬಂದರು ತೆರೆಯಿತು. ಈ ಬೆಟ್ಟದ ಮರವನ್ನು ಕಡಿದು ಇಳಿಸುವ ಖರ್ಚೂ ಹುಟ್ಟದಾಯಿತು. ಮರಗಳು ಕಡಿಯುವವರಿಲ್ಲದೆ ಒತ್ತೊತ್ತಾಗಿ ಬೆಳೆದು, ಬುಡಕ್ಕೆ ಬಿಸಿಲು ಬೀಳದೆ, ಹುಲ್ಲೂ ಹುಟ್ಟದ ಕತ್ತಲೆಯಾದವು. ಈಗ ಕಡಿಯಿರಿ ಅನ್ನುತ್ತಾರೆ, ಅದಕ್ಕೂ ನೆರವು. ನೆಡುವುದಕ್ಕೆ ನೆರವು, ಬಿಡುವುದಕ್ಕೆ ನೆರವು, ಕಡಿಯುವುದಕ್ಕೆ ನೆರವು, ಸೀನುವುದಕ್ಕೊಂದು ನೆರವು ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಎಂದುಕೊಂಡು ತೊಕುಜಿ ತಾನೇ ಜೋರಾಗಿ ಸೀನಿದ.

ಆದರೆ ಬೈಯುವಷ್ಟು ಶುದ್ಧ ಬಾಯಿ ತನ್ನದಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು, ಸಿಟ್ಟಿನ ಬೇರು ಇದ್ದದ್ದೂ ಅಲ್ಲೇ. ಕಾರ್ಖಾನೆಯ ಮಾತು ಊರಸಭೆಗೆ ಬಂದ ದಿನ ಮುಂದಿನ ಸಾಲಿನಲ್ಲಿ ಕೂತು, ಯಾರೂ ಕೇಳದಿದ್ದರೂ ಎದ್ದು ನಿಂತು, "ಮರ ಅಂದಮೇಲೆ ಬಡಗಿ ಇರಲೇಬೇಕಲ್ಲ! ಮರದ ಕಟ್ಟಡ ವಾಪಸ್ ಬಂತು ಅಂದ್ರೆ ನಾವೂ ವಾಪಸ್ ಬಂದ ಹಾಗೇ!" ಅಂದವನು ಅವನು. ಜನ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಗೆ ಎದೆ ಉಬ್ಬಿತ್ತಲ್ಲ ಎಂದು ಈಗ ನೆನೆದರೆ ಕಿವಿಯ ತುದಿ ಕಾಯುತ್ತಿತ್ತು. ಅವನು ಕೊನೆಯ ಮನೆ ಕಟ್ಟಿ ಎಷ್ಟು ಕಾಲವಾಯಿತೋ. ಕಂಪನಿಗಳ ಸಿದ್ಧ ಮನೆಗಳು ಲಾರಿಯಲ್ಲಿ ಬರತೊಡಗಿದ ಮೇಲೆ ಅವನಿಗೆ ಉಳಿದದ್ದು ಮುದುಕರ ಪಾಯಿಖಾನೆಗಳಿಗೆ ಹಿಡಿಕೆ ಕೂರಿಸುವ ಕೆಲಸ. ಒಳ್ಳೆಯ ಕೆಲಸವೇ. ಮುದುಕಿಯರು ಕೈ ಮುಗಿಯುತ್ತಿದ್ದರು. "ನಿಮ್ಮಿಂದಾಗಿ ನೆಮ್ಮದಿಯಾಗಿ ಕೂತು ಏಳ್ತೀನಿ ಮೇಸ್ತ್ರಿ" ಅನ್ನುತ್ತಿದ್ದರು. ಅದನ್ನು ಕೇಳಿ ಅವನು ಬಾಗಿ ವಂದಿಸುತ್ತಿದ್ದ, ಬಾಗಿದಾಗ ಮುಖ ಕಾಣುವುದಿಲ್ಲವಲ್ಲ.

ಸೇತುವೆಯ ಹತ್ತಿರ ಗಾರೆ ಕೆಲಸದ ಹೇಸಾಕು ಸಿಕ್ಕಿದ. ಇಬ್ಬರೂ ಸೇರಿ ಈ ಕಣಿವೆಯ ಎಷ್ಟು ಮನೆ ಕಟ್ಟಿದ್ದರೋ, ಇವನ ಮರಕ್ಕೆ ಅವನ ಮಣ್ಣು. ಹೇಸಾಕು ಬೆಳಗಿನಲ್ಲೇ ಒಂದು ಬಟ್ಟಲು ಏರಿಸಿದ ಹಾಗಿದ್ದ.

"ಏನೋ ಮದುಮಗ! ಅಂಗಿ ಕಂಕುಳಲ್ಲಿದೆ, ಮೈಮೇಲೆ ಯಾವಾಗ?"

"ಸುಮ್ನಿರೋ."

"ಯಾಕೆ ಸುಮ್ನಿರ್ಲಿ? ನನ್ನನ್ನಂತೂ ಯಾರೂ ಕರೀಲಿಲ್ಲ. ಗೋಡೆಗೆ ಗಾರೇನೇ ಬೇಡವಂತೆ, ಮರಾನೇ ಗೋಡೆಯಂತೆ. ನಿನ್ನನ್ನ ಸುಳ್ಳಿಗಾದ್ರೂ ಕರೆದ್ರು. ನನ್ನನ್ನ ಸುಳ್ಳಿಗೂ ಕರೀಲಿಲ್ಲವಲ್ಲೋ, ನನಗೆ ಅದೇ ಹೊಟ್ಟೆಕಿಚ್ಚು."

"ನೀನೇ ಹೋಗಿ ಬರಿ ಹಂಗಾದ್ರೆ, ಹೆಸರು."

"ಬರೀತೀನಿ! ಹೇಸಾಕು ಅಂತ ಬರೆದು ಪಕ್ಕದಲ್ಲಿ ಕುಡುಕ ಅಂತ್ಲೂ ಬರೀತೀನಿ, ಒಂದಾದ್ರೂ ನಿಜ ಇರ್ಲಿ." ತನ್ನ ಮಾತಿಗೆ ತಾನೇ ನಕ್ಕು ಕೆಮ್ಮಿ, ಆಮೇಲೆ ದನಿ ಇಳಿಸಿ, "ತಲೆ ಕೆಡಿಸ್ಕೋಬೇಡ. ಒಂದು ಹೆಸರು ತಾನೇ," ಅಂದ.

ಒಂದು ಹೆಸರು ತಾನೇ. ಹಳೆಯ ಮನೆ ಬಿಚ್ಚುವಾಗ ಹೆಂಚು ಇಳಿಸಿ, ಹುಲ್ಲು ಮಣ್ಣು ತೆಗೆದು, ನೆತ್ತಿತೊಲೆಯವರೆಗೆ ಹೋದರೆ ಅಲ್ಲಿ ಹೊಗೆ ಹಿಡಿದು ಕಪ್ಪಾದ ಹಲಗೆ ಇರುತ್ತದೆ. ಯಾರೂ ನೋಡದ ಜಾಗ. ನೋಡುವವನು ಒಬ್ಬನೇ, ಮುಂದೆಂದೋ ಬಿಚ್ಚಲು ಬರುವ ಇನ್ನೊಬ್ಬ ಬಡಗಿ. ತೊಕುಜಿ ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಮಸಿ ಒರೆಸಿ ಎಷ್ಟೋ ಹೆಸರುಗಳನ್ನು ಓದಿದ್ದ. ಓದುವ ಹೊತ್ತಿಗೆ ಆ ಮನುಷ್ಯನ ಪರಿಚಯ ಆಗಿಯೇ ಇರುತ್ತಿತ್ತು. ಉಳಿಯ ಗುರುತು ನೋಡಿದರೆ ಸಾಕು: ಇವನು ಎಡಗೈಯವನು, ಇವನಿಗೆ ಸಂಜೆಯಾದರೆ ಅವಸರ, ಇವನು ಕಾಣದ ಬದಿಯನ್ನೂ ಕೀಸುಳಿಯಿಂದ ನುಣುಪು ಮಾಡಿದ ಹುಚ್ಚ. ಕೊನೆಗೆ ಹಲಗೆ ಸಿಕ್ಕಾಗ, ಓ ನೀನಾ, ಅನ್ನುವ ಹಾಗೆ. ಆ ಹಲಗೆಗಳಲ್ಲಿ ಸುಳ್ಳು ಇರಬಹುದೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಈ ಕಟ್ಟಡವನ್ನು ಮುಂದೆ ಬಿಚ್ಚುವವನು, ಅವನು ಯಾರಾದರೂ ಇರಲಿ, ಒಂದಾದ ಮೇಲೊಂದು ನುಣ್ಣನೆಯ ಫಲಕ ತೆಗೆಯುತ್ತಾನೆ, ಒಂದು ಉಳಿಯ ಏಟೂ ಕಾಣುವುದಿಲ್ಲ, ಕೊನೆಗೆ ಕಾಜಿತಾನಿ ತೊಕುಜಿ ಎಂಬ ಹೆಸರು ಸಿಗುತ್ತದೆ. ಇವನ ಕೈ ಎಲ್ಲಿ ಎಂದು ಅವನು ತಿರುಗಿ ಎಲ್ಲ ಫಲಕಗಳನ್ನೂ ಹುಡುಕುತ್ತಾನೆ. ಹುಡುಕಿ ಹುಡುಕಿ ಏನಂದುಕೊಳ್ಳುತ್ತಾನೆ?

ಸಭಾಭವನದೊಳಗೆ ಯಾರೂ ಇರಲಿಲ್ಲ. ಹೊರಗೆ ಬಟ್ಟೆಯ ಚಪ್ಪರ, ಮಡಚುಕುರ್ಚಿಗಳ ಸದ್ದು. ಒಳಗೆ ಹೊಸ ಮರದ ವಾಸನೆ, ಅದರಡಿ ತೆಳ್ಳಗೆ ಅಂಟಿನದು. ಹೊರಗಿನ ಊರಿನ ಆಳುಗಳು ಕ್ರೇನ್ ತಂದು, ಕಾರ್ಖಾನೆಯಿಂದ ಕಿಟಕಿ ಬಾಗಿಲ ಸಮೇತ ಕೊರೆದು ಬಂದ ದಪ್ಪ ಫಲಕಗಳನ್ನು ಮಕ್ಕಳ ಆಟಿಕೆಯ ಹಾಗೆ ನಿಲ್ಲಿಸಿ ಬೋಲ್ಟು ಬಿಗಿದು, ಊರು ಸರಿಯಾಗಿ ಬಾಯಿ ತೆರೆಯುವ ಮೊದಲೇ ಹೊರಟುಹೋಗಿದ್ದರು. ತೊಕುಜಿ ಮೂಲೆಯೊಂದಕ್ಕೆ ಹೋಗಿ ಕೈ ಎಟುಕುವಷ್ಟು ಎತ್ತರದಲ್ಲಿ ಗೋಡೆಗೆ ದಾರ ಒತ್ತಿ ತೂಕದ ಗುಂಡನ್ನು ಇಳಿಬಿಟ್ಟ. ಅದು ತೂಗಿತು. ನಿಲ್ಲುವವರೆಗೆ ಅವನೂ ಉಸಿರು ಹಿಡಿದು ನಿಂತ. ದಾರ ಗೋಡೆಯ ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಂತರದಲ್ಲಿ ನಿಂತಿತು. ಇನ್ನೊಂದು ಮೂಲೆ. ಅದೂ ಹಾಗೇ. ಕಿಟಕಿಯ ಚೌಕಟ್ಟಿಗೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಫಲಕಕ್ಕೂ ಫಲಕಕ್ಕೂ ನಡುವಿನ ಸಂದಿಗೆ ಉಗುರು ತೂರಿಸಲು ನೋಡಿದ, ಹೋಗಲಿಲ್ಲ. ಒಂದು ಕೂದಲಿನಷ್ಟು ಓರೆ ಸಿಕ್ಕಿದ್ದರೂ ಸಾಕಿತ್ತು, ಅವನು ಇಡೀ ದಿನ ಅದರ ಮೇಲೆ ನಿಂತುಕೊಳ್ಳುತ್ತಿದ್ದ. ಪ್ರತಿ ಮೂಲೆಯೂ ನೇರವಾಗಿದ್ದಷ್ಟೂ ಸಿಟ್ಟು ಏರಿತು. ತಪ್ಪು ಮಾಡದ ಗೋಡೆಯನ್ನು ಬೈಯುವುದು ಹೇಗೆ? ಅವನು ಜೀವಮಾನದಲ್ಲಿ ಕಟ್ಟಿದ ಯಾವ ಮನೆಯೂ ಇಷ್ಟು ನೇರ ಇರಲಿಲ್ಲ. ಮರ ಉಸಿರಾಡುತ್ತದೆ, ಅಷ್ಟಿಷ್ಟು ಬಾಗುತ್ತದೆ ಎಂದು ಮನೆಯ ಯಜಮಾನರಿಗೆ ಹೇಳುತ್ತ ಬಂದದ್ದರಲ್ಲಿ ಎಷ್ಟು ಮರದ ಗುಣ, ಎಷ್ಟು ತನ್ನ ಕೈಯ ದೋಷ?

ಬಾಗಿಲ ಬಳಿ ಅಂದಕ್ಕೆಂದು ನಿಲ್ಲಿಸಿದ ಒಂದು ಗುಂಡು ಕಂಬವಿತ್ತು, ತೊಗಟೆ ಸುಲಿದು ಹೊಳೆಯುವ ಸುಗಿ. ತೊಕುಜಿಯ ಮುಖದಲ್ಲಿ ಒಂದು ಆಸೆ ಮೂಡಿತು. ಬೆಟ್ಟದಲ್ಲಿ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು, ಬೇರಿನ ತುದಿ ಕೆಳಗೆ. ತಲೆಕೆಳಗಾಗಿ ನಿಲ್ಲಿಸಿದ ಕಂಬದ ಮನೆಗೆ ಏಳಿಗೆ ಇಲ್ಲ, ಆ ಮರ ರಾತ್ರಿ ನರಳುತ್ತದೆ ಎನ್ನುತ್ತಾರೆ. ಕ್ರೇನಿನವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ಅವನು ಮಂಡಿಯೂರಿ ಕಂಬದ ಮೇಲೆ ಎರಡೂ ಅಂಗೈ ಇಟ್ಟು ಗಂಟುಗಳು ಯಾವ ಕಡೆಗೆ ವಾಲಿವೆಯೆಂದು ಹುಡುಕುತ್ತ ಮೇಲಕ್ಕೆ ತಂದ.

"ಬೇರು ಕೆಳಗೇ ಇದೆ ಅಪ್ಪ."

ವತಾರು ಬಾಗಿಲಲ್ಲಿ ನಿಂತಿದ್ದ, ಹಳದಿ ಹೆಲ್ಮೆಟ್ಟು ಕಂಕುಳಲ್ಲಿ. ತೊಕುಜಿ ಎದ್ದ. ಎದ್ದ ರಭಸಕ್ಕೆ ತೂಕದ ಗುಂಡು ಜೇಬಿನಿಂದ ಬಿದ್ದು ಹೊಸ ನೆಲದ ಮೇಲೆ ಉರುಳಿತು. ಮಗ ಬಾಗಿ ಎತ್ತಿಕೊಟ್ಟ.

"ಓರೆ ಸಿಕ್ತಾ?"

"ಇಲ್ಲ."

"ಸಿಗಲ್ಲ." ದನಿಯಲ್ಲಿ ಜಂಬ ಇರಲಿಲ್ಲ, ಅದೇ ಚುಚ್ಚಿತು. "ಕಂಬಕ್ಕೆ ನಾನೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಳಿಸಿದ್ದೆ. ಮರೀತೀನಾ?"

ಮರೆಯುವ ಹಾಗೆ ಮಾಡಿರಲಿಲ್ಲ ತೊಕುಜಿ. ಚಹಾ ಅಂಗಡಿಯವರ ಮನೆ, ಬೇಸಿಗೆ, ಜೀರುಂಡೆಗಳ ಕಿರುಚಾಟ, ಹತ್ತೊಂಬತ್ತರ ವತಾರು ತಾನೊಬ್ಬನೇ ಗುರುತು ಮಾಡಿ ಕೊರೆದು ನಿಲ್ಲಿಸಿದ ಮೊದಲ ಕಂಬ. ಎಲ್ಲರೂ ಊಟಕ್ಕೆ ಕೂತಿದ್ದರು. ತೊಕುಜಿ ಉಪ್ಪಿನಕಾಯಿ ಕಚ್ಚಿ ತಲೆಯೆತ್ತಿದವನು ಕಂಬ ತಲೆಕೆಳಗಾಗಿರುವುದನ್ನು ನೋಡಿದ. ಮನೆಯ ಯಜಮಾನನೂ ನೋಡಿಬಿಟ್ಟ, ಹಾಗಾಗಿ ಹೊಡೆದ. ಯಜಮಾನ ನೋಡದಿದ್ದರೆ ಹೊಡೆಯುತ್ತಿದ್ದನೇ ಎಂದು ಅವನು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ಕೊಡತಿ ಸುತ್ತಿಗೆಯ ಹಿಡಿ ಕಿವಿಯ ಮೇಲೆ ಬಿತ್ತು. ಹುಡುಗ ಅಳಲಿಲ್ಲ. ಕಂಬ ಇಳಿಸಿ, ತನ್ನ ಉಳಿಗಳನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅವು ಎಲ್ಲಿಂದ ಬಂದಿದ್ದವೋ ಆ ಪೆಟ್ಟಿಗೆಯಲ್ಲಿಟ್ಟ, ಮಾರನೆಯ ದಿನ ಬರಲಿಲ್ಲ. ಆಮೇಲಿನ ಇಷ್ಟು ವರ್ಷ ಒಂದೇ ಮೇಜಿನಲ್ಲಿ ಹೊಸವರ್ಷದ ಊಟ ಮಾಡಿದ್ದಾರೆ, ಹಿಮ ಜಾಸ್ತಿಯೋ ಕಮ್ಮಿಯೋ ಎಂದಷ್ಟೇ ಮಾತಾಡಿದ್ದಾರೆ.

"ಈ ಗೋಡೇಲಿ ಬೇರು ಯಾವ ಕಡೆ?" ತೊಕುಜಿ ಕೇಳಿದ. ಗೋಡೆಯನ್ನು ಹಂಗಿಸಲು ಕೇಳಿದ್ದು.

ವತಾರು ಫಲಕದ ಅಂಚಿನ ಮೇಲೆ ಬೆರಳಿಟ್ಟ. "ಎಲ್ಲಾ ಕಡೆ. ಒಂದು ಹಲಗೆ ಮೇಲ್ಮುಖ, ಪಕ್ಕದ್ದು ಕೆಳಮುಖ, ಅದರ ಮೇಲಿನ ಸಾಲು ಪೂರ್ತಿ ಅಡ್ಡ. ಅಂಟು ಹಾಕಿ ಒತ್ತಿದ್ರೆ ಆಯ್ತು. ಫಲಕಕ್ಕೆ ತಲೆ ಕಾಲು ಅಂತ ಇಲ್ಲಪ್ಪ." ಬೆರಳು ತೆಗೆಯದೆ, "ನನಗೆ ಅಲ್ಲಿ ಕೆಲಸ ಹಿಡಿಸಿದ್ದೇ ಅದಕ್ಕೆ," ಅಂದ.

ಹೊರಗೆ ಯಾರೋ ಧ್ವನಿವರ್ಧಕಕ್ಕೆ ಊದಿ ಪರೀಕ್ಷಿಸಿದರು. ತೊಕುಜಿಗೆ ಕೊಡತಿ ಈಗ ತನ್ನ ಕಿವಿಗೆ ಬಿದ್ದಂತಾಯಿತು. ಬಾಯಿಂದ ಬಂದದ್ದು ಮಾತ್ರ ಬೇರೆ. "ಹಲಗೆ ಮೇಲೆ ನಿನ್ನ ಹೆಸರು ಬರಿ. ಕೊರೆದೋನು ನೀನು."

"ನಾನು ಮೇಸ್ತ್ರಿ ಅಲ್ಲ. ಯಂತ್ರ ನೋಡ್ಕೊಳ್ಳೋನು. ನನ್ನ ಹೆಸರಿಗೆ ನೆರವು ಬರಲ್ಲ."

"ಸುಳ್ಳು ಬರೀಬೇಕಾ ನಾನು?"

"ಬರೀಬೇಡಿ ಹಂಗಾದ್ರೆ."

"ನಿನಗೇನು ಬೇಕೋ ಅದನ್ನ ಹೇಳು!"

"ನನಗೆ ಒಣಗಿಸೋ ಗೂಡು ಬೇಕು," ವತಾರು ಅಂದ, ಹೆಲ್ಮೆಟ್ಟು ತಲೆಗೇರಿಸಿ. "ನಿಮ್ಮ ಮಾನ ಮರ್ಯಾದೆ ನಿಮ್ಮಿಷ್ಟ. ಅದನ್ನ ಕಾಪಾಡಿ ಅಂತ್ಲೂ ನಾನು ಹೇಳಲ್ಲ, ಕಳೀರಿ ಅಂತ್ಲೂ ಹೇಳಲ್ಲ. ನನ್ನ ಜೊತೆ ಕೆಲಸ ಮಾಡೋರಿಗೆಲ್ಲ ಮಕ್ಕಳಿದಾರೆ."

ಅವನು ಹೊರಟುಹೋದ. ತೊಕುಜಿ ಕಂಕುಳಿನ ಅಂಗಿಯನ್ನು ಬಿಡಿಸಿ, ಕಿಟಕಿಯ ಗಾಜಿಗೆ ಬೆನ್ನು ಹಾಕಿ ನಿಂತು, ತೊಟ್ಟುಕೊಂಡ.

ಇಲಾಖೆಯಿಂದ ಬಂದಿದ್ದ ಮಿನೆಗಿಶಿ ಅನ್ನುವವನು ವಯಸ್ಸಿನಲ್ಲಿ ವತಾರುವಿಗಿಂತ ಚಿಕ್ಕವನು, ಮೂಗಿಗೂ ಬಾಯಿಗೂ ಬಿಳಿ ಮಾಸ್ಕು, ಮಾಸ್ಕಿನ ಮೇಲೆ ಅಳುವವನ ಹಾಗೆ ಕೆಂಪಾದ ಕಣ್ಣು. ಭಾಷಣದಲ್ಲಿ ಸುಗಿ ಎಂಬ ಪದ ಬಂದಾಗಲೆಲ್ಲ ಸೀನಿದ, ಜನ ನಕ್ಕರು, ಅವನೂ ನಕ್ಕ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವನಿಗೆ ಮರದ ಮೇಲೆ ನಿಜವಾಗಿ ಪ್ರೀತಿಯಿತ್ತು, ನಗರಗಳಲ್ಲಿ ಮರದ ಎತ್ತರದ ಮಹಡಿಗಳು ಏಳಬೇಕು, ಬೆಟ್ಟದ ಊರುಗಳಿಗೆ ಮತ್ತೆ ಜನ ಬರಬೇಕು ಎಂದು ದನಿ ಕಟ್ಟುವಷ್ಟು ಮನಸಿಟ್ಟು ಮಾತಾಡಿದ. ಆಮೇಲೆ ಇಳಿದು ಬಂದು ತೊಕುಜಿಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. "ಮೇಸ್ತ್ರಿಗಳೇ, ನಿಮ್ಮಂಥವರ ಕೈಯಿಂದಲೇ ಇದೆಲ್ಲ." ಕೈ ಮಗುಚಿ, ಅಂಗೈಯ ಜಡ್ಡನ್ನು ಸವರಿ, ಫೋಟೋದವನನ್ನು ಕರೆದ: "ಆಹಾ, ಈ ಕೈ ನೋಡ್ರೀ! ಹತ್ತಿರದಿಂದ ತೆಗೀರಿ." ಪಾಯಿಖಾನೆಯ ಹಿಡಿಕೆಗಳ ಜಡ್ಡು ಕ್ಯಾಮೆರಾದ ಬೆಳಕಿನಲ್ಲಿ ಹೊಳೆಯಿತು. ತೊಕುಜಿ ಕೈಯನ್ನು ಹಿಂದಕ್ಕೆಳೆಯಲು ನೋಡಿದ, ಅವನು ಬಿಡಲಿಲ್ಲ, ಇನ್ನೊಂದು ಫೋಟೋ ಬಾಕಿಯಿತ್ತು.

ಮೇಜಿನ ಮೇಲೆ ಹಲಗೆ, ಮಸಿ, ಕುಂಚ. ಹಲಗೆಯಲ್ಲಿ ಊರಿನ ಹೆಸರು, ದಿನ, ಕಟ್ಟಿಸಿದವರ ಹೆಸರು ಎಲ್ಲ ಬರೆದಾಗಿತ್ತು, ಮೇಸ್ತ್ರಿ ಎಂಬುದರ ಕೆಳಗೆ ಮಾತ್ರ ಖಾಲಿ. ಚಿಜುರು ಕುಂಚವನ್ನು ಎರಡೂ ಕೈಯಿಂದ ಕೊಟ್ಟಳು. ಅವಳು ಅವನ ಮುಖ ನೋಡಲಿಲ್ಲ, ಕುಂಚದ ತುದಿಯಲ್ಲಿ ತುಂಬಿಕೊಳ್ಳುತ್ತಿದ್ದ ಹನಿಯನ್ನೇ ನೋಡಿದಳು. ಗುರುತುಚೀಟಿಯ ದಾರ ಬೆರಳನ್ನು ಬಿಗಿದು ತುದಿ ಬೆಳ್ಳಗಾಗಿತ್ತು. ಕುಂಚವನ್ನು ಇಟ್ಟು ನಡೆದುಬಿಡಬಹುದು. ದಾರಿ ಖಾಲಿಯಿದೆ, ಚಪ್ಪರದಾಚೆ ಸೇತುವೆ, ಸೇತುವೆಯಾಚೆ ಮನೆ. ನಡೆದರೆ ಇವಳು ಇಷ್ಟು ಜನರ ಮುಂದೆ ಬಾಗಿ ಬಾಗಿ ಕ್ಷಮೆ ಕೇಳುತ್ತ ನಿಲ್ಲಬೇಕು. ಕಾರ್ಖಾನೆ ಮುಚ್ಚಿ ಯಂತ್ರಗಳಿಗೆ ಬಟ್ಟೆ ಹೊದಿಸುತ್ತಾರೆ. ಹೊಸವರ್ಷದ ಊಟಕ್ಕೆ ವತಾರು ಬರುತ್ತಾನೆ, ಹಿಮ ಈ ಸಲ ಕಮ್ಮಿ ಅನ್ನುತ್ತಾನೆ. ತೊಕುಜಿ ಬರೆದ. ಕೈ ನಡುಗುತ್ತದೆ, ಅಕ್ಷರ ಹಾಳಾಗುತ್ತದೆ, ಅಷ್ಟಾದರೂ ಸೇಡು ತೀರುತ್ತದೆ ಎಂದುಕೊಂಡಿದ್ದ. ನಡುಗಲಿಲ್ಲ. ನಿಜವಾಗಿ ಕಟ್ಟಿದ ಯಾವ ಮನೆಯ ಹಲಗೆಯಲ್ಲೂ ಅವನ ಹೆಸರು ಇಷ್ಟು ಚೆಂದ ಬಂದಿರಲಿಲ್ಲ. ಸುತ್ತ ನಿಂತವರು ಆಹಾ ಅಂದರು. ಚಿಜುರು ಉಸಿರು ಬಿಟ್ಟು "ಥ್ಯಾಂಕ್ಸ್ ಮಾವ" ಎಂದು ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು. ಅವನಿಗೆ ಆ ಹಲಗೆಯನ್ನು ಅವಳ ಕೈಯಿಂದ ಕಿತ್ತು ಮಂಡಿಗೆ ಹಾಕಿ ಮುರಿಯಬೇಕೆನ್ನಿಸಿತು. ತೆಳ್ಳಗಿನ ಹಲಗೆ, ಮುರಿಯುತ್ತಿತ್ತು. ಅವನು "ಊಂ" ಅಂದ.

ಏಣಿ ಹತ್ತಿ ಚಪ್ಪಟೆ ಸೂರಿನ ಮೇಲೆ ಹೋದರೆ ಅಲ್ಲಿ ದಿಮ್ಮಿ, ಕೆಂಪು ಬಿಳಿ ರಿಬ್ಬನ್ನು ಸುತ್ತಿಕೊಂಡು, ಎರಡು ಕಬ್ಬಿಣದ ಕಾಲುಗಳ ಮೇಲೆ ಏನನ್ನೂ ಹೊರದೆ ಮಲಗಿತ್ತು. ಅರ್ಚಕ ಮಂತ್ರ ಮುಗಿಸಿದ. ತೊಕುಜಿ ನಾಲ್ಕು ಮೂಲೆಗೆ ಸಾಕೆ ಮದ್ಯ ಹನಿಸಿದ. ಎಲ್ಲವನ್ನೂ ಸರಿಯಾಗಿ ಮಾಡಿದ, ತಪ್ಪು ಮಾಡಲು ಕೈಗೆ ಬರಲೇ ಇಲ್ಲ. ಆಮೇಲೆ, ಶಾಸ್ತ್ರದ ಕೊನೆಗೆ ಮೇಸ್ತ್ರಿ ಕೆಳಗಿನ ಜನರತ್ತ ಎಸೆಯಬೇಕಾದ ಉಂಡೆಗಳ ಪೆಟ್ಟಿಗೆಗಳನ್ನು ಅವನ ಮುಂದಿಟ್ಟರು. ನಿನ್ನೆ ಊರಿನ ಹೆಂಗಸರು ಅನ್ನ ಕುಟ್ಟಿ ಮಾಡಿದ ಮೊಚಿ ಉಂಡೆ, ಬಿಳಿಯವು, ಗುಲಾಬಿಯವು, ನಾಲ್ಕು ದಿಕ್ಕಿಗೆ ಎಸೆಯುವ ದೊಡ್ಡವು ಬೇರೆ, ಒಂದೊಂದೂ ತಟ್ಟೆಯಷ್ಟು ಅಗಲ. ಚಳಿಗೆ ಬಿಗಿದು ಕಲ್ಲಾಗಿದ್ದವು. ಅವನು ಅಂಚಿಗೆ ಬಂದ. ಕೆಳಗೆ ಊರಿಗೆ ಊರೇ ಇತ್ತು, ಏಪ್ರನ್ ಹಿಡಿದವರು, ಟೋಪಿ ಹಿಡಿದವರು, ಬಿಚ್ಚಿದ ಕೊಡೆಯನ್ನು ಅಂಗಾತ ಹಿಡಿದ ಜಾಣರು. ಅವನನ್ನು ಕಂಡದ್ದೇ ಎಲ್ಲರ ತೋಳೂ ಮೇಲೆದ್ದವು.

"ಮೇಸ್ತ್ರೀ! ಈ ಕಡೆ! ಈ ಕಡೆ!"

ಮೊದಲ ದೊಡ್ಡ ಉಂಡೆಯನ್ನು ಮಿನೆಗಿಶಿಗೆ ಗುರಿಯಿಟ್ಟು ಎಸೆದ. ಶಾಸ್ತ್ರದಲ್ಲಿ ಎಸೆಯುವ ಹಾಗಲ್ಲ, ನಾಯಿಗೆ ಕಲ್ಲು ಬೀರುವ ಹಾಗೆ. ಅದು ಅವನ 'ಅತಿಥಿ' ಎಂದು ಬರೆದು ಎದೆಗೆ ಚುಚ್ಚಿದ್ದ ಬಟ್ಟೆಯ ಹೂವಿನ ಮೇಲೆಯೇ ಬಡಿಯಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಎದೆಗೆ ಅಪ್ಪಿ ಹಿಡಿದು, "ಸಿಕ್ತು!" ಎಂದು ಮಗುವಿನ ಹಾಗೆ ಕೂಗಿದ. ಜನ ಹೋ ಅಂದರು. ಎರಡನೆಯದನ್ನು ಅಧ್ಯಕ್ಷನಿಗೆ. ಮೂರನೆಯದನ್ನು ಫೋಟೋದವನಿಗೆ. ನಾಲ್ಕನೆಯದು ಯಾರಿಗೆಂದು ಅವನಿಗೇ ತಿಳಿಯಲಿಲ್ಲ, ಇಡೀ ಬೆಟ್ಟಕ್ಕೇ ಎಸೆದ. ಆಮೇಲೆ ಸಣ್ಣವನ್ನು ಹಿಡಿಹಿಡಿಯಾಗಿ. ಭುಜ ಉರಿಯುತ್ತಿತ್ತು, ಉಂಡೆಗಳು ತಲೆಗೆ, ಬೆನ್ನಿಗೆ, ಕನ್ನಡಕಕ್ಕೆ ತಟತಟನೆ ಬೀಳುತ್ತಿದ್ದವು. ಜೋರಾಗಿ ಎಸೆದಷ್ಟೂ ಅವರಿಗೆ ಖುಷಿ. "ಏನು ಬಲ ರೀ ಮೇಸ್ತ್ರೀದು ಈ ವಯಸ್ಸಲ್ಲಿ!" "ಅಯ್ಯೋ ನನ್ನ ತಲೆ! ಇನ್ನೊಂದು ಎಸೀರಿ!" ಅವನ ಸಿಟ್ಟೆಲ್ಲ ಕೆಳಗೆ ಬಿದ್ದದ್ದೇ ಹಬ್ಬವಾಗುತ್ತಿತ್ತು, ಅವರು ಬಗ್ಗಿ ಅದನ್ನು ಹೆಕ್ಕಿ ಏಪ್ರನ್ನಿಗೆ ಹಾಕಿಕೊಳ್ಳುತ್ತಿದ್ದರು, ಸಂಜೆ ಸುಟ್ಟು ಸೋಯಾ ಹಚ್ಚಿ ತಿನ್ನಲು.

ಅವನ ಕೈ ನಿಂತಿತು. ಅಂಚಿಗೆ ಇನ್ನೊಂದು ಹೆಜ್ಜೆ ಬಂದು, ಎದೆಯಲ್ಲಿದ್ದಷ್ಟೂ ಗಾಳಿ ಸೇರಿಸಿ ಕೂಗಿದ:

"ಇದು ನಾನು ಕಟ್ಟಿದ್ದಲ್ಲ!"

ಸದ್ದಡಗಿತು. ಕಣಿವೆಯ ಆಚೆ ಬದಿ ಮಾತನ್ನು ಒಮ್ಮೆ ಹಿಂದಕ್ಕೆ ಕೊಟ್ಟಿತು. ಚಿಜುರುವಿನ ಕೈ ಬಾಯಿಗೆ ಹೋಯಿತು. ಫೋಟೋದವನು ಕ್ಯಾಮೆರಾ ಇಳಿಸಿದ. ಮಿನೆಗಿಶಿ ಉಂಡೆಯನ್ನು ಅಪ್ಪಿಕೊಂಡೇ ಅಕ್ಕಪಕ್ಕದವರ ಮುಖ ನೋಡಿದ. ತೊಕುಜಿ ಅಂಚಿನಿಂದ ಹಿಂದೆ ಸರಿಯಲಿಲ್ಲ, ಈಗ ಏನಾಗುತ್ತದೋ ಆಗಲಿ.

"ಗೊತ್ತು ಕಣೋ!" ಹೇಸಾಕುವಿನ ದನಿ, ಗುಂಪಿನ ನಡುವಿನಿಂದ. "ಎಸಿ!"

ನಗು ಎಲ್ಲಿಂದ ಶುರುವಾಯಿತೋ, ಒಂದೇ ಸಲಕ್ಕೆ ಎಲ್ಲ ಕಡೆಯಿಂದ ಬಂತು. "ನಮಗೆಲ್ಲಾ ಗೊತ್ತು ಮೇಸ್ತ್ರಿ, ಈ ಕಡೆ ಬರ್ಲಿ!" "ಕ್ರೇನು ಕಟ್ಟಿದ್ದು, ಕ್ರೇನಿಗೆ ಉಂಡೆ ಎಸೆಯೋಕೆ ಬರಲ್ವಲ್ಲ!" ಅಧ್ಯಕ್ಷ ನಕ್ಕ. ಮಿನೆಗಿಶಿ ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನಗೂ ಎಂದು ಇನ್ನೊಮ್ಮೆ ತೋಳು ಚಾಚಿದ. ಎಲ್ಲರಿಗೂ ಗೊತ್ತಿತ್ತು. ಹಲಗೆ ಬರೆಯುವಾಗ ಆಹಾ ಅಂದವರಿಗೂ ಗೊತ್ತಿತ್ತು. ಗೊತ್ತಿದ್ದೂ ಏನೂ ಆಗುವಂತಿರಲಿಲ್ಲ, ಹಲಗೆಯ ಮಸಿ ಒಣಗಿತ್ತು, ಎರಡನೆಯ ಕಂತು ಬರುತ್ತಿತ್ತು. ಮೇಲೆದ್ದ ಅಷ್ಟು ತೋಳುಗಳ ನಡುವೆ ಒಂದು ಹಳದಿ ಹೆಲ್ಮೆಟ್ಟು ಮಾತ್ರ ಕೈ ಇಳಿಬಿಟ್ಟು ನಿಂತಿತ್ತು. ವತಾರು ನಗುತ್ತಿರಲಿಲ್ಲ. ಬೇರೆ ಯಾರ ಕಡೆಗೂ ನೋಡದೆ ಅವನನ್ನೇ ನೋಡುತ್ತಿದ್ದ. ಆ ನೋಟ ಹೊಗಳಿಕೆಯೋ ಲೆಕ್ಕ ತೀರಿತು ಎನ್ನುವುದೋ ಅಷ್ಟು ಎತ್ತರದಿಂದ ತಿಳಿಯುವಂತಿರಲಿಲ್ಲ.

"ರೀ! ಕೈ ಯಾಕೆ ನಿಲ್ಲಿಸಿದ್ರಿ?" ಸುಮಿಯೆ ಏಪ್ರನ್ ಅಗಲಿಸಿಕೊಂಡು ಮುಂದೆ ನುಗ್ಗಿ ಬಂದಿದ್ದಳು. "ನನಗೊಂದೂ ಸಿಕ್ಕಿಲ್ಲ!"

ತೊಕುಜಿ ಪೆಟ್ಟಿಗೆಗೆ ಎರಡೂ ಕೈ ಹಾಕಿ ಹಿಡಿಸಿದಷ್ಟನ್ನೂ ಬಾಚಿಕೊಂಡು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ತನಗಿದ್ದ ಬಲವನ್ನೆಲ್ಲ ಹಾಕಿ ಎಸೆದ. ಕೆಳಗೆ ಯಾರೋ ನೋವಿಗೆ ಕಿರುಚಿ, ಅದೇ ಉಸಿರಿನಲ್ಲಿ, ಇನ್ನೂ ಬೇಕೆಂದು ಕೂಗಿದರು.